ರುಜು

ಪ್ಯಾಟರ್ಸನ್ನಿನ ಮಾರ್ಕೆಟ್ ಸ್ಟ್ರೀಟಿನಲ್ಲಿ
ಕೋಳಿ ಸುಡುವ ಹೊಗೆಯ ಪಕ್ಕ ನನ್ನ ಔಷಧದಂಗಡಿ.
ತಿಂಗಳ ಮೊದಲ ಸೋಮವಾರ ಬರುತ್ತಾರೆ
ಫೌಸ್ತಿನೊ ಆಂಕಸಿ.
ರಕ್ತದೊತ್ತಡದ್ದೊಂದು, ಸಕ್ಕರೆಯದೆರಡು, ಮೂರು ಶೀಶೆ.
ಮೈಮೇಲಿನ್ನೂ ಹಳದಿ ಜಾಕೀಟು,
ಕಂಕುಳಲ್ಲಿ ‘ನಿಲ್ಲಿ’ ಅನ್ನುವ ಕೆಂಪು ಫಲಕ:
ಶಾಲೆಯ ಮುಂದೆ ಮಕ್ಕಳನ್ನು
ರಸ್ತೆ ದಾಟಿಸುವ ಕೆಲಸ.

ಸಹಿ ಹಾಕಿ ಎಂದು ಗಾಜಿನ ಹಲಗೆ ತಳ್ಳುತ್ತೇನೆ.
ಎರಡು ಬೆರಳಗಲದ ಚೌಕ.
ಬೇರೆಯವರು ಒಂದು ಗೀರೆಳೆದು ಹೋಗುತ್ತಾರೆ.
ಇವರು ಮೊದಲು ತೋಳು ಸರಿಮಾಡಿಕೊಂಡು
ಇಲ್ಲದ ಕಾಗದವನ್ನು ಎಡಗೈಯಿಂದ ಒತ್ತಿ ಹಿಡಿದು
ಮೊದಲಕ್ಷರಕ್ಕೊಂದು ಛತ್ರಿ,
ಕೊನೆಯದಕ್ಕೆ ಮೂರು ಸುತ್ತಿನ ಬಾಲ,
ಬಾಲದಡಿ ಎರಡು ಚುಕ್ಕೆ.
ಯಂತ್ರ ಕೀಂ ಅನ್ನುತ್ತದೆ:
ಚೌಕ ಮೀರಿದೆ, ಮತ್ತೆ ಹಾಕಿ.

ನನ್ನಪ್ಪ ಹಿರಿಯೂರು ತಾಲ್ಲೂಕು ಕಚೇರಿಯಲ್ಲಿ ಟಪಾಲು ಗುಮಾಸ್ತ.
ರುಜು ನೋಡಿಯೇ ಹೇಳುತ್ತಿದ್ದ,
ಯಾವುದು ಓದಿ ಹಾಕಿದ್ದು,
ಯಾವುದು ಊಟದ ಹೊತ್ತಿಗೆ ಹಾಕಿದ್ದು,
ಯಾವುದು ಯಾರೋ ಎದುರಿಗೆ ಕೂತಿದ್ದಾಗ ಹಾಕಿದ್ದು.
ಆ ಚಾಳಿ ನನಗೂ. ಕೇಳಿಯೇಬಿಟ್ಟೆ:
ಎಲ್ಲಿ ಕಲಿತಿರಿ ಈ ಬಾಲ?

‘ಯಾನಮಾಯು ಪ್ರಾಂತಕ್ಕೆ ಗವರ್ನರ್ ಆಗಿದ್ದೆ’ ಅಂದರು,
ನಿನ್ನೆ ಸ್ವಲ್ಪ ನೆಗಡಿ ಇತ್ತು ಅನ್ನುವ ಹಾಗೆ.

ಆಮೇಲೆ ಕತೆ ಕಂತಿನಲ್ಲಿ ಬಂತು, ತಿಂಗಳಿಗಿಷ್ಟು.
ಮೊದಲು ಮೇಷ್ಟ್ರು. ಉಸಿರು ಸಿಗದ ಎತ್ತರದ ಹಳ್ಳಿ,
ಸೀಮೆಸುಣ್ಣ ಮುಗಿದರೆ ಇದ್ದಿಲು.
ಮೇಷ್ಟ್ರ ಸಂಘ, ಮುಷ್ಕರ, ಹನ್ನೊಂದು ದಿನ ಲಾಕಪ್ಪು;
ಹೊರಬಂದಾಗ ಕೊರಳಿಗೆ ಹೂ.
ಹೂವಿನಿಂದ ಪುರಸಭೆ, ಪುರಸಭೆಯಿಂದ ಪ್ರಾಂತ.
ಪಕ್ಷದ ಗುರುತು ಗುದ್ದಲಿ.
‘ನಿಮ್ಮಲ್ಲೂ ಗುರುತು ಇರುತ್ತದಂತಲ್ಲ?’ ನಕ್ಕರು.
ಬೆಟ್ಟದಲ್ಲಿ ಕೆಚುವ, ಪೇಟೆಯಲ್ಲಿ ಸ್ಪ್ಯಾನಿಷ್,
ಒಂದರಲ್ಲಿ ಕೊಟ್ಟ ಮಾತು
ಇನ್ನೊಂದರ ಕಿವಿಗೆ ಬೀಳದಂತೆ.
ಗೆದ್ದದ್ದು ಆರುನೂರ ಹನ್ನೆರಡು ಮತದಲ್ಲಿ.

ಹಗ್ಗದ ಸೇತುವೆ ಇದ್ದಲ್ಲಿ ಕಾಂಕ್ರೀಟಿನದು. ಅದು ಇದೆ.
ಮೊಬೈಲಿನಲ್ಲಿ ತೋರಿಸಿದರು,
ಲಾಮಾ ಮಂದೆಯೊಂದು ಅವಸರವಿಲ್ಲದೆ ದಾಟುತ್ತಿತ್ತು.
ಹೆರಿಗೆ ಆಸ್ಪತ್ರೆ. ಗೋಡೆ ಇದೆ.
ಟ್ರ್ಯಾಕ್ಟರು, ನಲವತ್ತು.
ಅಲ್ಲಿಗೆ ಬಂದಾಗ ಮಾತು ಬಿಟ್ಟು
ಶೀಶೆಯ ಮಾತ್ರೆ ಎಣಿಸತೊಡಗಿದರು.

ಮುಂದಿನ ಕಂತಿಗೆ ಮೂರು ತಿಂಗಳು ಕಾದೆ.
ಕಾಗದದಲ್ಲಿ ನಲವತ್ತು, ಗದ್ದೆಗಿಳಿದದ್ದು ಹದಿನಾಲ್ಕು.
ರುಜು ಇವರದೇ. ಛತ್ರಿ, ಬಾಲ, ಎರಡು ಚುಕ್ಕೆ.
ಓದಿ ಹಾಕಿದ್ದಿರಾ?
‘ಅವತ್ತು ಮಗಳಿಗೆ ಜ್ವರ’ ಅಂದರು ಮೇ ತಿಂಗಳಲ್ಲಿ.
‘ಅವತ್ತು ಹಬ್ಬ, ಕಚೇರಿಯಲ್ಲಿ ಯಾರೂ ಇರಲಿಲ್ಲ’, ಜುಲೈನಲ್ಲಿ.
ಅಕ್ಟೋಬರಿನಲ್ಲಿ, ಚಿಲ್ಲರೆ ಕಿಸೆಗೆ ಹಾಕುತ್ತ,
‘ಓದಿದ್ದೆ’.

ಆಮೇಲೆ ವಾರಂಟು, ಆಲೂಗೆಡ್ಡೆ ಲಾರಿಯ ಮೂಟೆಗಳ ನಡುವೆ
ಒಂದು ರಾತ್ರಿ, ಒಂದು ಗಡಿ.
ಹೆಂಡತಿ ಬರಲಿಲ್ಲ. ಸೋದರಳಿಯನ ಗ್ಯಾರೇಜಿನ ಮಹಡಿ,
ಹದಿನೇಳು ವರ್ಷ.

ನಮ್ಮಲ್ಲಿ ರುಜು ಅಂದರೆ ಸಹಿ,
ರುಜುವಾತು ಅಂದರೆ ಸಾಬೀತು,
ಋ ಹಾಕಿ ಬರೆದರೆ ನೆಟ್ಟಗಿರುವುದು.
ಬಾಯಿಗೆ ಮೂರೂ ಒಂದೇ ಸದ್ದು.
ಇದನ್ನು ಅವರಿಗೆ ಹೇಳಲು ಹೋಗಲಿಲ್ಲ.
ನನ್ನ ಸ್ಪ್ಯಾನಿಷ್ ಮಾತ್ರೆಯ ಮಟ್ಟದ್ದು,
ಊಟಕ್ಕೆ ಮುಂಚೆ, ಊಟದ ಮೇಲೆ, ಅಷ್ಟೆ.

ಒಂದು ಬೆಳಗ್ಗೆ ನೋಡಿದೆ, ಫಲಕ ಎತ್ತಿ ನಿಂತಿದ್ದರು.
ಬಸ್ಸು, ಕಸದ ಲಾರಿ, ನಗರಸಭೆಯ ಕಪ್ಪು ಕಾರು,
ಎಲ್ಲ ಕಾದವು. ನಡುರಸ್ತೆಯಲ್ಲಿ ಒಬ್ಬಳು
ಬೂಟಿನ ದಾರ ಕಟ್ಟಿಕೊಳ್ಳಲು ಕೂತಿದ್ದಳು.
ಕೈ ಇಳಿಯಲಿಲ್ಲ.

ಈ ಸೋಮವಾರ ಯಂತ್ರ ಮತ್ತೆ ಕೀಂ ಅಂದಾಗ
‘ಸಹಿ ಬೇಡ’ ಅನ್ನುವ ಗುಂಡಿಗೆ ಬೆರಳು ಚಾಚಿದೆ.
ತಡೆದರು. ಕನ್ನಡಕ ಹಾಕಿಕೊಂಡರು.
ಶೀಶೆಯೊಳಗಿನ ಮಡಿಕೆ ಕಾಗದ ಬಿಡಿಸಿ
ತುರಿಕೆ, ತಲೆಸುತ್ತು, ಬಾಯಿ ಒಣಗುವುದು,
ಇರುವೆ ಸಾಲಿನಂಥ ಅಕ್ಷರಗಳ ಮೇಲೆ
ಬೆರಳಿಟ್ಟು ಓದುತ್ತ ಹೋದರು.
ಹಿಂದೆ ಸಾಲು ಬೆಳೆಯಿತು, ಯಾರೋ ಕೆಮ್ಮಿದರು.
ಅವರು ಹಾಳೆ ತಿರುವಿ ಹಾಕಿದರು.